ಕೈಯಾರೆ ಕಟ್ಟಿದ ಜೀಪಿಗೆ ಇನ್ಯಾರದೋ ಆರ್‌ಸಿ: ಹುಬ್ಬಳ್ಳಿ ಕಡೆಯವರು ಹುಷಾರು

"ಹಳೇ ಆರ್‌ಸಿ ಒಂದ್ ಐತಿ, ಅದರ ಮ್ಯಾಲೆ ನಿಮ್ಮ ಜೀಪ್ ಪಾಸ್ ಮಾಡಿಸಿ ಕೊಡ್ತೀನಿ" ಅಂತ ಯಾರಾದರೂ ಅಂದರೆ ಚಹಾ ಕೂಡ ಪೂರ್ತಿ ಕುಡಿಯಬೇಡಿ, ಎದ್ದು ಬನ್ನಿ. ನಾನು ಎದ್ದು ಬರಲಿಲ್ಲ. ಎರಡನೇ ಚಹಾ ತರಿಸಿದೆ.

ನನ್ನದು ಗೋಕುಲ ರೋಡ್ ಕಡೆ ಒಂದು ಸಣ್ಣ ಲೇಥ್ ವರ್ಕ್‌ಶಾಪ್. ಪಕ್ಕದ ಶೆಡ್ಡಿನಲ್ಲಿ ಗೆಳೆಯನದು ವೆಲ್ಡಿಂಗ್ ಕೆಲಸ. ರಾತ್ರಿ ಕೆಲಸ ಮುಗಿದ ಮೇಲೆ ಇಬ್ಬರೂ ಸೇರಿ ಮೊಬೈಲಿನಲ್ಲಿ ಇಂಗ್ಲೆಂಡಿನವರ ವಿಡಿಯೋ ನೋಡ್ತಿದ್ದೆವು. ಅಲ್ಲಿ ಕಾರಿನ ಸಾಮಾನು ಡಬ್ಬಿ ಡಬ್ಬಿಯಾಗಿ ಮನೆಗೆ ಬರುತ್ತೆ, ಗ್ಯಾರೇಜಿನಲ್ಲಿ ಕೂತು ತಾವೇ ಜೋಡಿಸ್ತಾರೆ. ಆಮೇಲೆ ಐವಿಎ ಅಂತ ಸರ್ಕಾರದ್ದೇ ಒಂದು ಪರೀಕ್ಷೆ, ಆ ಒಂದೇ ಗಾಡಿಗೆ. ಅದರಲ್ಲಿ ಪಾಸಾದರೆ ನಂಬರ್ ಸಿಗುತ್ತೆ. ಗುರುತು ಸರಿಯಾಗಿ ಗೊತ್ತಾಗದ ಗಾಡಿಗೆ ಕ್ಯೂ ಅಕ್ಷರದಿಂದ ಶುರುವಾಗೋ ನಂಬರೇ ಬೇರೆ ಇದೆ. ಅದನ್ನು ನೋಡಿ ನಮ್ಮಲ್ಲೂ ಹಂಗೇನಾದರೂ ಇದ್ದೇ ಇರುತ್ತೆ ಅಂದುಕೊಂಡೆವು. ಯಾರನ್ನೂ ಕೇಳಲಿಲ್ಲ. ಮೊದಲ ತಪ್ಪು ಅದು.

ಹಳೇ ಮಹೀಂದ್ರಾ ಎಂಎಂ 540 ಜೀಪಿನ ಪ್ಯೂಜೊ ಡೀಸೆಲ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಗುಜರಿಯಲ್ಲಿ ಸಿಕ್ಕವು. ಬಾಡಿ, ಜೀಪ್ ಕೆಲಸಕ್ಕೆ ಹೆಸರಾದ ಹರಿಯಾಣದ ಮಂಡಿ ಡಬ್ವಾಲಿಯಿಂದ ಲಾರಿಯಲ್ಲಿ ಬಂತು. ಓಪನ್ ಜೀಪ್ ಹುಚ್ಚಿರುವವರಿಗೆ ಆ ಊರಿನ ಹೆಸರು ಹೇಳೋದೇ ಬೇಡ. ಫ್ರೇಮ್ ಮಾತ್ರ ಪೂರ್ತಿ ನಮ್ಮದೇ, ಚಾನೆಲ್ ಕತ್ತರಿಸಿ ಗೆಳೆಯ ವೆಲ್ಡ್ ಮಾಡಿದ್ದು. ಹನ್ನೊಂದು ತಿಂಗಳು, ಎರಡೂ ಮುಕ್ಕಾಲು ಲಕ್ಷ. ಮೊದಲ ಸಲ ಸ್ಟಾರ್ಟ್ ಆದ ದಿನ ನಮ್ಮ ಮನೆಯಾಕಿ ಬಂದು ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, "ಇದಕ್ಕ ನಂಬರ್ ಎಲ್ಲೈತ್ರೀ?" ಅಂತ ಕೇಳಿದಳು. ಹನ್ನೊಂದು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಆಮೇಲೆ ವಿಚಾರಿಸಿದೆ. ಹೊಸ ಗಾಡಿ ನೋಂದಣಿಗೆ ಫಾರ್ಮ್ 20 ನಾವು ತುಂಬಬೇಕು, ಅದೇನು ದೊಡ್ಡದಲ್ಲ. ಜೊತೆಗೆ ಫಾರ್ಮ್ 21 ಬೇಕು, ಅದು ಮಾರಿದವರು ಕೊಡೋ ಸರ್ಟಿಫಿಕೇಟ್. ಫಾರ್ಮ್ 22 ಬೇಕು, ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಿಸಿದ ಕಂಪನಿ ಬರೆದುಕೊಡೋದು. ನನ್ನ ಜೀಪನ್ನು ಮಾರಿದವರೂ ಇಲ್ಲ, ಕಂಪನಿಯೂ ಇಲ್ಲ. ಸಹಿ ಯಾರು ಹಾಕಬೇಕು, ನಾನಾ, ವೆಲ್ಡರಾ? ಕಂಪನಿಗಳು ಪ್ರತಿ ಹೊಸ ಮಾಡೆಲ್ಲಿನ ಒಂದು ಮಾದರಿ ಗಾಡಿಯನ್ನು ಪುಣೆಯ ಎಆರ್‌ಎಐ ಅನ್ನೋ ಗಾಡಿ ಪರೀಕ್ಷಾ ಸಂಸ್ಥೆಯಂಥ ಕಡೆ ಕಳಿಸಿ ಬ್ರೇಕ್, ಹೊಗೆ, ಲೈಟು ಎಲ್ಲ ಪರೀಕ್ಷೆ ಮಾಡಿಸಿ ಒಪ್ಪಿಗೆ ತಗೋತವೆ. ಸಾವಿರಾರು ಗಾಡಿ ಮಾರೋರಿಗೆ ಮಾಡಿಟ್ಟ ದಾರಿ ಅದು, ಶೆಡ್ಡಿನಲ್ಲಿ ಒಂದೇ ಒಂದು ಕಟ್ಟಿದವನಿಗಲ್ಲ. ಅದೂ ಇರಲಿ, 2020ರ ಏಪ್ರಿಲ್ 1ರಿಂದ ಹೊಸದಾಗಿ ನೋಂದಣಿಯಾಗೋ ಗಾಡಿ ಬಿಎಸ್ 6 ಅನ್ನೋ ಹೊಗೆ ಮಿತಿಯೊಳಗೆ ಇರಬೇಕು. ನಮ್ಮ ಪ್ಯೂಜೊ ಎಂಜಿನ್ ಬಿಡೋ ಹೊಗೆಗೆ ಪಕ್ಕದ ಶೆಡ್ಡಿನವರೇ ಕೆಮ್ಮುತ್ತಿದ್ದರು.

ಇಷ್ಟು ಗೊತ್ತಾದ ಮೇಲೆ ಸುಮ್ನೆ ಇರಬೇಕಿತ್ತು, ಅಲ್ವಾ? ಆಗಲೇ ಏಜೆಂಟ್ ಸಿಕ್ಕ.

ಅವನ ಲೆಕ್ಕ ಸರಳ. ಹಾವೇರಿ ಕಡೆಯ ಒಂದು ಹಳೇ ಜೀಪಿನ ಆರ್‌ಸಿ ಇದೆ, ಕೆಎ 27 ಪಾಸಿಂಗ್. ಗಾಡಿ ಗುಜರಿಗೆ ಹೋಗಿದೆ, ಕಾಗದ ಉಳಿದಿದೆ. ಅದರ ಚಾಸಿಸ್ ನಂಬರ್ ನಮ್ಮ ಫ್ರೇಮಿಗೆ ಹೊಡೆಯೋದು, ಫಾರ್ಮ್ 29, 30 ಹಾಕಿ ನನ್ನ ಹೆಸರಿಗೆ ಮಾಡೋದು, ಆಮೇಲೆ ರಿನ್ಯೂವಲ್. "ಎಲ್ಲಾರೂ ಹಿಂಗ ಮಾಡ್ತಾರ್ರೀ ಅಣ್ಣಾರ" ಅಂದ. ಅರವತ್ತು ಸಾವಿರ ಕೇಳಿದ, ನಲವತ್ತು ಮುಂಗಡ ಕೊಟ್ಟೆ. ಹಳೇ ಮಾಲೀಕರ ಸಹಿ ಮೊದಲೇ ಬಿದ್ದಿತ್ತು. ಅವರನ್ನು ಒಂದ್ಸಲ ಭೇಟಿ ಮಾಡಬೇಕು ಅಂದದ್ದಕ್ಕೆ "ಅವರು ಊರಾಗಿಲ್ಲ" ಅಂದ. ನಂಬಿದೆ.

ಒಂದು ಭಾನುವಾರ ಅವನ ಹುಡುಗ ಪಂಚ್ ಸೆಟ್ ತಂದ. ಟಾರ್ಚ್ ಹಿಡಿದವನು ನಾನೇ. ಮುಚ್ಚಿಟ್ಟು ಏನು ಪ್ರಯೋಜನ, ತಪ್ಪು ನನ್ನದೂ ಇದೆ. ಹುಡುಗ ಒಂದೊಂದೇ ಅಂಕಿ ಇಟ್ಟು ಸುತ್ತಿಗೆಯಿಂದ ಹೊಡೆದ. ದಿನಾ ಗೇಜ್ ಹಿಡಿದು ಕೆಲಸ ಮಾಡೋನು ನಾನು, ಸಾಲು ಓರೆ ಆಗ್ತಿರೋದು ನನ್ನ ಕಣ್ಣಿಗೆ ಬಿತ್ತು. ಬಾಯಿ ಬಿಡಲಿಲ್ಲ. ಮೇಲೆ ಕಪ್ಪು ಬಣ್ಣ ಬಳಿದ, ಒಂದಿಷ್ಟು ಧೂಳು ಒರೆಸಿದ.

ಆರ್‌ಟಿಒ ಇನ್‌ಸ್ಪೆಕ್ಷನ್ ದಿನ ಸಾಹೇಬ್ರು ಎಂಜಿನ್ ಕಡೆ ನೋಡಲೂ ಇಲ್ಲ. ಥಿನ್ನರ್‌ನಲ್ಲಿ ಅದ್ದಿದ ವೇಸ್ಟ್ ಬಟ್ಟೆಯಿಂದ ನಂಬರಿನ ಜಾಗ ಉಜ್ಜಿದರು. ಬಣ್ಣ ಹೋಯಿತು. ಹಾಳೆ ಇಟ್ಟು ಪೆನ್ಸಿಲ್ ಪ್ರಿಂಟ್ ತೆಗೆದರು. ಹಾಳೆ ಮೇಲೆ ಅಂಕಿಗಳು ಒಂದು ಮೇಲೆ, ಒಂದು ಕೆಳಗೆ, 8 ಅಂತೂ ಬಲಕ್ಕೆ ವಾಲಿತ್ತು. ಅದನ್ನು ನನ್ನ ಮುಂದೆ ಹಿಡಿದು, "ಕಂಪನಿಯವರು ಹಿಂಗ ಹೊಡಿತಾರೇನ್ರೀ? ಇದು ಕುಡದು ಹೊಡದಂಗ ಐತಿ" ಅಂದರು. ಆಮೇಲೆ ಫ್ರೇಮಿನ ವೆಲ್ಡಿಂಗ್ ಮೇಲೆ ಬೆರಳು ಆಡಿಸಿ, "ವೆಲ್ಡಿಂಗ್ ಮಾತ್ರ ಛಲೋ ಐತಿ ಬಿಡ್ರಿ" ಅಂದರು. ಹನ್ನೊಂದು ತಿಂಗಳಲ್ಲಿ ಹೊರಗಿನವರು ನಮ್ಮ ಕೆಲಸ ಹೊಗಳಿದ್ದು ಅದೊಂದೇ ಸಲ.

ತಿರುಗಿ ನೋಡಿದರೆ ಏಜೆಂಟ್ ಇಲ್ಲ. ಫೋನ್ ಸ್ವಿಚ್ ಆಫ್. ಗಾಡಿ ಅಲ್ಲೇ ಉಳಿಯಿತು. ನಾಲ್ಕು ಸಲ ಸ್ಟೇಷನ್ನಿಗೆ ಅಲೆದು ಹೇಳಿಕೆ ಕೊಟ್ಟೆ. ಅಲ್ಲಿ ಗೊತ್ತಾಗಿದ್ದು, ಆರ್‌ಸಿಯಲ್ಲಿದ್ದ ಮಾಲೀಕರು ತೀರಿಕೊಂಡು ಆರು ವರ್ಷ ಆಗಿದೆ. ಸಹಿ ಹೋದ ತಿಂಗಳದ್ದು. ವಕೀಲರ ಖರ್ಚು ಇನ್ನೂ ಮುಗಿದಿಲ್ಲ.

ಇಷ್ಟಾದ ಮೇಲೆ ಕಾನೂನು ಓದಿದೆ, ಎಲ್ಲರ ಹಾಗೆ ತಡವಾಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ಸ್ವರೂಪವನ್ನು ಬದಲಾಯಿಸೋ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತ ಹೇಳಿದೆ. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಂದರೆ ಹಳೇ ಆರ್‌ಸಿ ಅಸಲಿಯಾಗಿದ್ದರೂ ಅದರ ಮೇಲೆ ಬೇರೆ ಫ್ರೇಮು, ಬೇರೆ ಬಾಡಿ ಕೂರಿಸೋಕೆ ಬರಲ್ಲ. ಬಣ್ಣ ಬದಲಿಸೋದು, ಒಪ್ಪಿಗೆ ಇರೋ ಸಿಎನ್‌ಜಿ ಕಿಟ್ ಹಾಕಿಸೋದು, ಅದೆಲ್ಲ ಬೇರೆ ಮಾತು, ಅದಕ್ಕೆ ದಾರಿ ಇದೆ.

"ಹಂಗಾದರೆ ಆ ಸಾಂಗ್ಲಿಯವರು?" ಅಂತ ಕೇಳ್ತೀರಿ, ಗೊತ್ತು. 2021ರ ಕೊನೆಗೆ ಸಾಂಗ್ಲಿ ಜಿಲ್ಲೆಯ ಕಬ್ಬಿಣದ ಕೆಲಸದವರೊಬ್ಬರು ಒದ್ದು ಸ್ಟಾರ್ಟ್ ಮಾಡೋ ಪುಟ್ಟ ಜೀಪ್ ಕಟ್ಟಿದ ವಿಡಿಯೋ ನಾವೂ ಹತ್ತು ಸಲ ನೋಡಿದ್ದೆವು. ಮಹೀಂದ್ರಾ ಕಂಪನಿಯ ಆನಂದ್ ಮಹೀಂದ್ರಾ ಆ ಕೆಲಸದವರಿಗೆ ಬೊಲೆರೊ ಕೊಟ್ಟರು ಅನ್ನೋದಷ್ಟೇ ನಮ್ಮ ತಲೆಯಲ್ಲಿ ಉಳೀತು. ಇದು ನಿಯಮಕ್ಕೆ ಒಗ್ಗಲ್ಲ, ಇವತ್ತಲ್ಲ ನಾಳೆ ಅಧಿಕಾರಿಗಳು ಓಡಿಸದಂತೆ ತಡೀತಾರೆ ಅಂತಲೂ ಮಹೀಂದ್ರಾ ಅವರೇ ಬರೆದಿದ್ದರು. ಆ ಸಾಲು ನಾವು ಓದಿಯೇ ಇರಲಿಲ್ಲ.

ಜೀಪ್ ಹುಚ್ಚಿದ್ದರೆ ಅಸಲಿ ಆರ್‌ಸಿ ಇರೋ ಹಳೇ ಗಾಡಿಯನ್ನೇ ತಗೊಳ್ಳಿ, ಅದನ್ನೇ ರಿಪೇರಿ ಮಾಡಿ. ಮಾಲೀಕರ ಮನೆಗೇ ಹೋಗಿ ಮಾತಾಡಿ. ದುಡ್ಡು ಕೊಡೋ ಮೊದಲು ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ನೀವೇ ತೆಗೆದು ಆರ್‌ಸಿ ಪಕ್ಕ ಇಟ್ಟು ಹೋಲಿಸಿ. ಹತ್ತು ನಿಮಿಷದ ಕೆಲಸ. ಇನ್ನು ಕಟ್ಟೋ ಖುಷಿಗೇ ಕಟ್ಟೋದಾದರೆ ಕಟ್ಟಿ, ಆದರೆ ಗದ್ದೆಯಲ್ಲೋ ಸ್ವಂತ ಜಾಗದಲ್ಲೋ ಓಡಿಸಿ ಅಷ್ಟೇ. ನೋಂದಣಿ ಇಲ್ಲದೆ ರಸ್ತೆಗೆ ಇಳಿಸಿ ಯಾರಿಗಾದರೂ ತಾಗಿತು ಅನ್ನಿ, ಇನ್ಶೂರೆನ್ಸ್ ಇರಲ್ಲ, ಪೂರ್ತಿ ನಿಮ್ಮ ತಲೆ ಮೇಲೆ.

ಇದನ್ನೆಲ್ಲ ಬರೆಯೋ ಮನಸ್ಸಿರಲಿಲ್ಲ, ಮರ್ಯಾದೆ ಪ್ರಶ್ನೆ. ಹೋದ ವಾರ ಗದಗದ ಒಬ್ಬ ಹುಡುಗ ಗೆಳೆಯನ ಕಡೆಯಿಂದ ನನ್ನ ನಂಬರ್ ತಗೊಂಡು ಫೋನ್ ಮಾಡಿದ. ಜೀಪ್ ಕಟ್ಟಿದ್ದಾನಂತೆ, ಒಬ್ಬರು ಪೇಪರ್ ಮಾಡಿಸಿ ಕೊಡ್ತೀನಿ ಅಂದಿದ್ದಾರಂತೆ, "ಕೊಡ್ಲೇನ್ರೀ ಅಣ್ಣಾ ಅಡ್ವಾನ್ಸು?" ಅಂತ ಕೇಳಿದ. ಆರ್‌ಸಿ ಫೋಟೋ ಕಳಿಸು ಅಂದೆ. ಕಳಿಸಿದ. ಕೆಎ 27. ಕೊನೆಯ ನಾಲ್ಕು ಅಂಕಿ ನೋಡಿದೆ. ನನಗೆ ಮಾರಿದ್ದೇ ಆರ್‌ಸಿ.