ಒಂದು ಲ್ಯಾಪ್‌ಟಾಪ್, ಎರಡು ಪರದೆ: ಸ್ಪ್ಲಿಟರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಸಭಾಭವನ, ಶಾಲೆ, ಕಲ್ಯಾಣ ಮಂಟಪಗಳಲ್ಲಿ ಒಂದೇ ಲ್ಯಾಪ್‌ಟಾಪಿನ ಚಿತ್ರವನ್ನು ಏಕಕಾಲಕ್ಕೆ ಎರಡು ಪರದೆಗಳ ಮೇಲೆ ತೋರಿಸಲು ಎಚ್‌ಡಿಎಂಐ (ಚಿತ್ರ, ಧ್ವನಿ ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಜೋಡಣೆ) ಸ್ಪ್ಲಿಟರ್ ಕೊಳ್ಳಬೇಕೆಂದಿರುವವರು ದಯವಿಟ್ಟು ಹಣ ಕೊಡುವ ಮೊದಲು ಇದನ್ನು ಓದಬೇಕು. ಮಲೆನಾಡಿನ ನಮ್ಮ ಊರಿನಲ್ಲಿ ಅಡಿಕೆ ಬೆಳೆಗಾರರಿಗಾಗಿ ಏರ್ಪಡಿಸಿದ್ದ ಎಲೆಚುಕ್ಕಿ ರೋಗದ ತರಬೇತಿಯ ಅರ್ಧ ದಿನ, ಅಂಗಡಿಯವರು ಕೊಟ್ಟ ತಪ್ಪು ಸಾಮಗ್ರಿ ಮತ್ತು ತಪ್ಪು ಮಾತಿನಿಂದಾಗಿ, ಹೊರಗೆ ಕುಳಿತಿದ್ದ ರೈತರ ಪಾಲಿಗೆ ವ್ಯರ್ಥವಾಯಿತು.

ಭವನ ಚಿಕ್ಕದು, ಒಳಗೆ ಹಿಡಿಸದವರಿಗೆ ಜಗಲಿಯಲ್ಲಿ ಕುರ್ಚಿ ಹಾಕಿ, ಅಲ್ಲೊಂದು ದೊಡ್ಡ ಟಿ.ವಿ. ಇಡುವುದೆಂದು ನಿರ್ಧಾರವಾಗಿತ್ತು. ಒಳಗೆ ಸಂಘದ ಹಳೆಯ ಪ್ರೊಜೆಕ್ಟರ್. ವಿಜ್ಞಾನಿಗಳು ತೋರಿಸಲಿದ್ದುದು ಮುಖ್ಯವಾಗಿ ಎಲೆಗಳ ಛಾಯಾಚಿತ್ರಗಳು. ಹಳದಿ ಅಂಚಿನ ಸಣ್ಣ ಕಂದು ಚುಕ್ಕಿಯಾಗಿ ಶುರುವಾಗುವ ರೋಗವನ್ನು, ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಎಲೆ ಒಣಗುವ ಮೊದಲೇ ಗುರುತಿಸುವುದು ಹೇಗೆ ಎಂಬುದೇ ಆ ದಿನದ ಪಾಠವಾಗಿತ್ತು. ಆದ್ದರಿಂದ ಚಿತ್ರದ ಸ್ಪಷ್ಟತೆ ನಮಗೆ ಅಲಂಕಾರದ ವಿಷಯವಾಗಿರಲಿಲ್ಲ.

ಅಂಗಡಿಯಲ್ಲಿ ನಾವು ನಮ್ಮ ಅಗತ್ಯವನ್ನು ಬಿಡಿಸಿ ಹೇಳಿದ್ದೆವು: ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಒಂದು ಟಿ.ವಿ., ಎರಡರಲ್ಲೂ ಒಟ್ಟಿಗೇ ಅದೇ ಚಿತ್ರ. ಅವರು ಮೊದಲು ಕೊಟ್ಟಿದ್ದು ಒಂದು ಕಡೆ ಒಂದು ಪಿನ್ನು, ಇನ್ನೊಂದು ಕಡೆ ಎರಡು ಬಾಯಿ ಇರುವ ಕವಲು ಕೇಬಲ್. "ಎರಡಕ್ಕೂ ಬರುತ್ತೆ ಸಾರ್, ಏನೂ ತೊಂದರೆ ಇಲ್ಲ" ಎಂದು ಭರವಸೆಯನ್ನೂ ಕೊಟ್ಟರು. ಹಿಂದಿನ ಸಂಜೆ ಭವನದಲ್ಲಿ ಜೋಡಿಸಿ ನೋಡಿದಾಗ, ಒಂದೇ ಪರದೆ ಹಚ್ಚಿದರೆ ಚಿತ್ರ ಬರುತ್ತಿತ್ತು. ಎರಡನೆಯದನ್ನು ಸಿಕ್ಕಿಸಿದ ಕೂಡಲೇ ಎರಡೂ ಕಪ್ಪಾಗುತ್ತಿದ್ದವು. ಮರಳಿ ಕೇಳಿದರೆ, ನಿಮ್ಮ ಲ್ಯಾಪ್‌ಟಾಪ್ ಸರಿಯಿಲ್ಲ ಎಂಬ ಉತ್ತರ.

ಲ್ಯಾಪ್‌ಟಾಪಿನಲ್ಲಿ ಯಾವ ದೋಷವೂ ಇರಲಿಲ್ಲ. ತೋಟದ ಪೈಪಿಗೆ ಟೀ ಹಾಕಿ ನೀರನ್ನು ಎರಡು ಕಡೆ ಹರಿಸಿದಂತೆ ಎಚ್‌ಡಿಎಂಐ ಸಂಕೇತವನ್ನು ಹರಿಸಲು ಬರುವುದಿಲ್ಲ. 1080 ಗಾತ್ರದ (1920×1080 ಚಿತ್ರಬಿಂದುಗಳ) ಸಾಮಾನ್ಯ ಚಿತ್ರಕ್ಕೂ ಕೇಬಲ್ಲಿನ ಮೂರು ಜೋಡಿ ತಂತಿಗಳಲ್ಲಿ ತಲಾ ಸೆಕೆಂಡಿಗೆ ಸುಮಾರು 148 ಕೋಟಿ ಬಿಟ್‌ಗಳು ಓಡುತ್ತಿರುತ್ತವೆ; ತಂತಿಯನ್ನು ನಡುವೆ ಸುಮ್ಮನೆ ಕವಲೊಡೆಸಿದರೆ ಸಂಕೇತ ದುರ್ಬಲವಾಗುವುದಲ್ಲದೆ ಕವಲಿನಲ್ಲಿ ಹಿಂದಕ್ಕೆ ಪ್ರತಿಫಲಿಸಿ ಕೆಡುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಪ್ರತಿಯೊಂದು ಪರದೆಯೂ ತಾನು ಯಾವ ಅಳತೆಯ ಚಿತ್ರವನ್ನು, ಯಾವ ಬಗೆಯ ಧ್ವನಿಯನ್ನು ಸ್ವೀಕರಿಸಬಲ್ಲೆನೆಂಬ ವಿವರವನ್ನು ಅದೇ ಕೇಬಲ್ಲಿನ ಮೂಲಕ ಲ್ಯಾಪ್‌ಟಾಪಿಗೆ ಹೇಳುತ್ತದೆ. ತಂತ್ರಜ್ಞರು ಇದನ್ನು ಇಡಿಐಡಿ ಎನ್ನುತ್ತಾರೆ. ಎಲ್ಲ ಪರದೆಗಳಲ್ಲಿಯೂ ಈ ವಿವರ ಇರುವುದು ಒಂದೇ ವಿಳಾಸದಲ್ಲಿ. ಕವಲು ಕೇಬಲ್ಲಿನಲ್ಲಿ ಎರಡು ಪರದೆಗಳೂ ಒಟ್ಟಿಗೇ ಉತ್ತರ ಕೊಡುವುದರಿಂದ ಲ್ಯಾಪ್‌ಟಾಪಿಗೆ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಹಳೆಯ ಹದಿನೈದು ಪಿನ್ನಿನ ವಿಜಿಎ ಕೇಬಲ್ಲಿಗೆ ಕವಲು ಹಾಕಿದಾಗ ಮಂಕಾಗಿಯಾದರೂ ಎರಡು ಕಡೆ ಚಿತ್ರ ಬರುತ್ತಿತ್ತು. ಬಹುಶಃ ಆ ಕಾಲದ ನಂಬಿಕೆಯೇ ಇಂದಿಗೂ ಈ ಕೇಬಲ್ಲನ್ನು ಮಾರಿಸುತ್ತಿದೆ. ಇಂಥ ಕೇಬಲ್ಲನ್ನು ಯಾರೂ ಕೊಳ್ಳಬಾರದು. ಸ್ಪ್ಲಿಟರ್ ಎಂಬ ಹೆಸರಿನಲ್ಲೇ ಮಾರಾಟವಾಗುವ, ಗುಂಡಿಯಿರುವ ಪುಟ್ಟ ಪೆಟ್ಟಿಗೆಯ ಬಗ್ಗೆಯೂ ಎಚ್ಚರ ಬೇಕು. ಗುಂಡಿ ಒತ್ತಿದಾಗ ಚಿತ್ರ ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುತ್ತದೆಯೆಂದರೆ ಅದು ಸ್ವಿಚ್, ಏಕಕಾಲಕ್ಕೆ ಎರಡಕ್ಕೂ ಕೊಡುವ ಸಾಧನವಲ್ಲ.

ವಾದ ಮಾಡಿದ ಮೇಲೆ, ಹೆಚ್ಚಿಗೆ ಹಣ ಪಡೆದು, ಅಂಗಡಿಯವರು ವಿದ್ಯುತ್ ಅಡಾಪ್ಟರ್ ಇರುವ ಪೆಟ್ಟಿಗೆಯೊಂದನ್ನು ತರಬೇತಿಯ ದಿನ ಬೆಳಿಗ್ಗೆ ಕಳುಹಿಸಿದರು. ಮೇಲೆ 4ಕೆ (1080ರ ನಾಲ್ಕು ಪಟ್ಟು ಚಿತ್ರಬಿಂದುಗಳಿರುವ ಚಿತ್ರ) ಎಂದು ದೊಡ್ಡದಾಗಿ ಮುದ್ರಿಸಿತ್ತು. ಜೋಡಿಸಿದ ತಕ್ಷಣ ಎರಡೂ ಪರದೆಗಳಲ್ಲಿ ಚಿತ್ರ ಬಂದಿತು, ಕಾರ್ಯಕ್ರಮವೂ ಆರಂಭವಾಯಿತು. ಸ್ವಲ್ಪ ಹೊತ್ತಿನಲ್ಲಿಯೇ ಜಗಲಿಯಿಂದ ಹಿರಿಯ ಬೆಳೆಗಾರರೊಬ್ಬರು ಎದ್ದು ಬಂದು, "ಇದರಲ್ಲಿ ಚುಕ್ಕಿ ಎಲ್ಲಿದೆ ಮಾರಾಯ್ರೇ, ಎಲ್ಲ ಒಂದೇ ಹಳದಿ ಕಾಣ್ತದೆ" ಎಂದರು. ಹೋಗಿ ನೋಡಿದರೆ ಅವರ ಮಾತು ನಿಜವಾಗಿತ್ತು. ಟಿ.ವಿ.ಯ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ, ನಡುವೆ ಮಸುಕಾದ ಎಲೆ. ಬೇರೆ ಊರಿನ ರೈತರೊಬ್ಬರು ತಮ್ಮ ತೋಟದಲ್ಲಿ ನಿಂತು ಮಾತನಾಡಿದ್ದ ದೃಶ್ಯ ಬಂದಾಗ, ಅವರ ತುಟಿ ಅಲುಗುವುದು ಮಾತ್ರ ಕಾಣುತ್ತಿತ್ತು, ಟಿ.ವಿ.ಯಿಂದ ಧ್ವನಿಯೇ ಬರಲಿಲ್ಲ. ಮಳೆಯಲ್ಲಿ ದೂರದಿಂದ ಬಂದು ಆ ಜಗಲಿಯಲ್ಲಿ ತಾಳ್ಮೆಯಿಂದ ಕುಳಿತಿದ್ದವರನ್ನು ನೆನೆದರೆ ಈಗಲೂ ನನಗೆ ಬೇಸರವಾಗುತ್ತದೆ.

ಊಟದ ಬಿಡುವಿನಲ್ಲಿ, ಧ್ವನಿವರ್ಧಕದ ವ್ಯವಸ್ಥೆಗೆ ಬಂದಿದ್ದ ಹುಡುಗ ಕಾರಣವನ್ನು ಕಂಡುಹಿಡಿದ. ವಿದ್ಯುತ್ತಿನಿಂದ ನಡೆಯುವ ಸ್ಪ್ಲಿಟರ್ ಎರಡು ಪರದೆಗಳ ಪರವಾಗಿ ತಾನೇ ಲ್ಯಾಪ್‌ಟಾಪಿಗೆ ಉತ್ತರ ಕೊಡುತ್ತದೆ; ಅಗ್ಗದ ಪೆಟ್ಟಿಗೆಗಳಲ್ಲಿ ಅನೇಕವು ಮೊದಲನೆಯ ಬಾಯಿಗೆ ಹಚ್ಚಿದ ಪರದೆಯ ವಿವರವನ್ನೇ ನಕಲು ಮಾಡಿ ಮುಂದಿಡುತ್ತವೆ. ಅಂಗಡಿಯಿಂದ ಬಂದವನು ಮೊದಲನೆಯ ಬಾಯಿಗೆ ಪ್ರೊಜೆಕ್ಟರನ್ನು ಹಚ್ಚಿ ಹೋಗಿದ್ದ. ನಮ್ಮ ಪ್ರೊಜೆಕ್ಟರಿನ ಸಹಜ ಅಳತೆ 1024×768, ಅಂದರೆ ಎಂಟು ಲಕ್ಷಕ್ಕಿಂತ ಕಡಿಮೆ ಚಿತ್ರಬಿಂದುಗಳು, ಟಿ.ವಿ.ಯದು 1920×1080, ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಲ್ಯಾಪ್‌ಟಾಪ್ ತನಗೆ ತಿಳಿದ ಒಂದೇ ಪರದೆಯ ಅಳತೆಗೆ ಚಿತ್ರವನ್ನು ಇಳಿಸಿ ಕಳುಹಿಸಿದ್ದರಿಂದ, ಟಿ.ವಿ. ತನ್ನ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ ವಿವರವನ್ನು ಹಿಗ್ಗಿಸಿ ತೋರಿಸುತ್ತಿತ್ತು. ಆ ಪ್ರೊಜೆಕ್ಟರ್ ಎಚ್‌ಡಿಎಂಐ ಧ್ವನಿಯನ್ನು ಸ್ವೀಕರಿಸುವುದಿಲ್ಲವಾದ್ದರಿಂದ ಲ್ಯಾಪ್‌ಟಾಪ್ ಕೇಬಲ್ಲಿಗೆ ಧ್ವನಿಯನ್ನು ಕಳುಹಿಸಿರಲೇ ಇಲ್ಲ.

ಟಿ.ವಿ.ಯನ್ನು ಮೊದಲನೆಯ ಬಾಯಿಗೆ ಬದಲಾಯಿಸಿದಾಗ ಪೂರ್ಣ ಅಳತೆಯ ಚಿತ್ರ ಹೊರಟಿತು. ಪ್ರೊಜೆಕ್ಟರ್ ಅದನ್ನು ಸ್ವೀಕರಿಸಿ ತನ್ನ ಅಳತೆಗೆ ಕುಗ್ಗಿಸಿಕೊಂಡಿತು. ಇದು ನಮ್ಮ ಅದೃಷ್ಟ. ಕೆಲವು ಹಳೆಯ ಪ್ರೊಜೆಕ್ಟರ್‌ಗಳು ಈ ಸಂಕೇತವನ್ನು ಒಪ್ಪದೆ ಖಾಲಿ ಪರದೆ ತೋರಿಸುತ್ತವೆ. ಧ್ವನಿಯ ವಿಷಯದಲ್ಲಿ ಮಾತ್ರ ಹೊಸ ತೊಡಕು ಬಂದಿತು: ಟಿ.ವಿ.ಗೆ ಧ್ವನಿ ಕಳುಹಿಸಬಹುದೆಂದು ತಿಳಿದ ಕೂಡಲೇ ಲ್ಯಾಪ್‌ಟಾಪ್ ತಾನಾಗಿಯೇ ಅಲ್ಲಿಗೆ ತಿರುಗಿಕೊಂಡಿತು, ಹೆಡ್‌ಫೋನ್ ತೂತಿನಿಂದ ಭವನದ ಧ್ವನಿವರ್ಧಕಕ್ಕೆ ಹೋಗುತ್ತಿದ್ದ ಧ್ವನಿ ನಿಂತುಹೋಯಿತು. ಕೊನೆಗೆ ಧ್ವನಿಯನ್ನು ಹೆಡ್‌ಫೋನ್ ತೂತಿಗೇ ಮರಳಿಸಿ, ಆಂಪ್ಲಿಫೈಯರಿನಿಂದ ಒಂದು ಸ್ಪೀಕರನ್ನು ಜಗಲಿಗೆ ಎಳೆದೆವು. ಸಭೆಗಳಿಗೆ ಇದೇ ಸರಿಯಾದ ಕ್ರಮವೆಂದು ನನಗೀಗ ಅನಿಸುತ್ತದೆ, ಏಕೆಂದರೆ ಮೈಕಿನ ಮಾತು ಟಿ.ವಿ.ಗೆ ಹೇಗೂ ಹೋಗುವುದಿಲ್ಲ.

ಮಧ್ಯಾಹ್ನದ ಅವಧಿಯಲ್ಲಿ ತೊಂದರೆ ಕೊಟ್ಟದ್ದು ಕೇಬಲ್ ಮತ್ತು ಕರೆಂಟ್. ಜಗಲಿಯವರೆಗೆ ಎಳೆದ ಉದ್ದನೆಯ ಸಾಧಾರಣ ಕೇಬಲ್ಲಿನಲ್ಲಿ, ಚಿತ್ರ ಪೂರ್ಣ ಅಳತೆಗೆ ಏರಿದ ಮೇಲೆ, ಬಿಳಿ ಕಿಡಿಗಳಂತಹ ಚುಕ್ಕಿಗಳು ಕಾಣಿಸಿಕೊಂಡವು. ಎಲೆಯ ಮೇಲಿನ ಚುಕ್ಕಿಯನ್ನು ನೋಡಬೇಕಾದವರಿಗೆ ಇದಕ್ಕಿಂತ ಕೆಟ್ಟ ದೋಷ ಇನ್ನೊಂದಿಲ್ಲ. ಹತ್ತು ಮೀಟರ್ ದಾಟಿದರೆ ಸಾಧಾರಣ ತಾಮ್ರದ ಎಚ್‌ಡಿಎಂಐ ಕೇಬಲ್ಲನ್ನು ನಂಬಿ ಕೂರಬಾರದು. ನೆಟ್‌ವರ್ಕಿಗೆ ಬಳಸುವ ಕ್ಯಾಟ್-6 ಕೇಬಲ್ಲಿನ ಮೇಲೆ ಸಂಕೇತ ಸಾಗಿಸುವ ಎಕ್ಸ್‌ಟೆಂಡರ್ ಜೋಡಿಯನ್ನಾಗಲೀ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ಲನ್ನಾಗಲೀ ಬಳಸಬೇಕು. ಆಪ್ಟಿಕಲ್ ಕೇಬಲ್ಲಿಗೆ ದಿಕ್ಕು ಇರುತ್ತದೆ. ಲ್ಯಾಪ್‌ಟಾಪಿನ ಕಡೆಯ ತುದಿ, ಪರದೆಯ ಕಡೆಯ ತುದಿ ಎಂದು ಬರೆದಿರುವುದನ್ನು ನೋಡಿಯೇ ಎಳೆಯಬೇಕು, ತಿರುಗಿಸಿ ಎಳೆದರೆ ಚಿತ್ರ ಬರುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗುವುದು ವಿಶೇಷವಲ್ಲ. ಆದರೆ ಅಂಗಡಿಯವನು ಪೆಟ್ಟಿಗೆಯ ವಿದ್ಯುತ್ ತಂತಿಯನ್ನು ಅಡಾಪ್ಟರಿಗೆ ಬದಲು ಟಿ.ವಿ.ಯ ಯುಎಸ್‌ಬಿ ಬಾಯಿಗೆ ಹಚ್ಚಿದ್ದರಿಂದ, ಜಗಲಿಯ ಕಡೆ ಕರೆಂಟ್ ಹೋದಾಗ ಟಿ.ವಿ.ಯ ಜೊತೆಗೆ ಪೆಟ್ಟಿಗೆಯೂ ಆರಿ, ಒಳಗಿನ ಪ್ರೊಜೆಕ್ಟರ್ ಕೂಡ ಕಪ್ಪಾಯಿತು. ಸ್ಪ್ಲಿಟರ್ ಅದರದೇ ಅಡಾಪ್ಟರಿನಿಂದ, ಸಾಧ್ಯವಾದರೆ ಯುಪಿಎಸ್ ಮೂಲಕ ನಡೆಯಬೇಕು.

ನಮ್ಮ ಕಾರ್ಯಕ್ರಮಕ್ಕೆ ಸಂಬಂಧಿಸದಿದ್ದರೂ, ಮನೆಯಲ್ಲಿ ಒಂದೇ ಸೆಟ್‌ಟಾಪ್ ಬಾಕ್ಸಿನಿಂದ ಎರಡು ಕೋಣೆಯ ಟಿ.ವಿ.ಗಳಿಗೆ ಚಿತ್ರ ಕೊಡಬೇಕೆಂದಿರುವವರಿಗೆ ಒಂದು ಮಾತು. ಹಣ ಕೊಟ್ಟು ನೋಡುವ ಚಾನೆಲ್ ಮತ್ತು ಸಿನಿಮಾಗಳ ಸಂಕೇತಕ್ಕೆ ಎಚ್‌ಡಿಸಿಪಿ ಎಂಬ ನಕಲು ತಡೆ ಇರುತ್ತದೆ. 4ಕೆ ಚಿತ್ರಗಳಿಗೆ ಸಾಮಾನ್ಯವಾಗಿ ಅದರ 2.2ನೇ ಆವೃತ್ತಿ ಬೇಕು. ಸ್ಪ್ಲಿಟರ್ ಅಥವಾ ಎರಡರಲ್ಲೊಂದು ಟಿ.ವಿ. ಹಳೆಯ ಆವೃತ್ತಿಯದಾದರೆ, ಹೊಸ ಟಿ.ವಿ.ಯಲ್ಲಿಯೂ ಚಿತ್ರ ಕೆಳಗಿನ ದರ್ಜೆಗೆ ಇಳಿಯಬಹುದು, ಇಲ್ಲವೇ ಬಾರದೆ ಇರಬಹುದು. ಎರಡು ಕೋಣೆಗಳಲ್ಲಿ ಬೇರೆ ಬೇರೆ ಚಾನೆಲ್ ನೋಡಲು ಯಾವ ಸ್ಪ್ಲಿಟರಿನಿಂದಲೂ ಆಗುವುದಿಲ್ಲ.

ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಎರಡು ಪರದೆಗಳ ಅಳತೆ ಬೇರೆಯಾಗಿದ್ದರೆ ಈ ಪೆಟ್ಟಿಗೆ ಲ್ಯಾಪ್‌ಟಾಪಿಗೆ ಯಾರ ವಿವರವನ್ನು ಕೊಡುತ್ತದೆ ಎಂಬುದು. ಇದಕ್ಕೆ ಉತ್ತರ ಗೊತ್ತಿಲ್ಲದವರಿಂದ ಕೊಳ್ಳಬೇಡಿ. ಅಳತೆಯನ್ನು ಕೈಯಿಂದ ನಿಗದಿಪಡಿಸಲು ಸಣ್ಣ ಇಡಿಐಡಿ ಸ್ವಿಚ್ಚುಗಳಿರುವ ಪೆಟ್ಟಿಗೆಗಳು ಸಿಗುತ್ತವೆ; ನಮ್ಮ ಸಂಘ ಈಗ ಅಂಥದನ್ನು ತಂದು 1080 ಚಿತ್ರ ಮತ್ತು ಸಾದಾ ಸ್ಟೀರಿಯೋ ಧ್ವನಿಗೆ ನಿಲ್ಲಿಸಿದೆ. 4ಕೆ ಎಂಬ ಮುದ್ರಣಕ್ಕೆ ಮಾರುಹೋಗುವ ಅಗತ್ಯವಿಲ್ಲ: ಎಚ್‌ಡಿಎಂಐ 1.4 ಎಂಬ ಹಳೆಯ ಆವೃತ್ತಿಯ ಪೆಟ್ಟಿಗೆಯೂ ಸೆಕೆಂಡಿಗೆ 30 ಚೌಕಟ್ಟುಗಳ 4ಕೆಯನ್ನು ಕೊಡುವುದರಿಂದ ಆ ಹೆಸರನ್ನು ಹಾಕಿಕೊಳ್ಳುತ್ತದೆ. 60 ಚೌಕಟ್ಟುಗಳ ಪೂರ್ಣ 4ಕೆ ಚಿತ್ರಕ್ಕೆ 2.0ನೇ ಆವೃತ್ತಿ, ಅಂದರೆ ಸೆಕೆಂಡಿಗೆ 18 ಗಿಗಾಬಿಟ್ ಸಾಮರ್ಥ್ಯ ಬೇಕು. ಪರೀಕ್ಷೆಯನ್ನು ಅಂಗಡಿಯ ಪರದೆಗಳಲ್ಲಿ ಮಾಡಿದರೆ ಪ್ರಯೋಜನವಿಲ್ಲ. ನಿಮ್ಮದೇ ಲ್ಯಾಪ್‌ಟಾಪ್, ನಿಮ್ಮದೇ ಎರಡು ಪರದೆ, ಅದೇ ಉದ್ದದ ಕೇಬಲ್ ಹಾಕಿ, ಧ್ವನಿಯಿರುವ ದೃಶ್ಯವೊಂದನ್ನು ಓಡಿಸಿ, ನಡುವೆ ಒಂದು ಪರದೆಯನ್ನು ಆರಿಸಿ ಹೊತ್ತಿಸಿ ನೋಡಬೇಕು.

ನಮ್ಮ ಕವಲು ಕೇಬಲ್ಲನ್ನು ಹಿಂದಕ್ಕೆ ಕೊಡಲು ಹೋದಾಗ, ಮಾರಿದ ವಸ್ತುವನ್ನು ಮರಳಿ ಪಡೆಯುವುದಿಲ್ಲವೆಂದು ಅಂಗಡಿಯವರು ಗೋಡೆಯ ಫಲಕವನ್ನು ತೋರಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷಯುಕ್ತ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದ್ದರಿಂದ ಬಿಲ್ಲಿನಲ್ಲಿ "ಕೇಬಲ್" ಎಂದಷ್ಟೇ ಬರೆಸದೆ, "ಏಕಕಾಲಕ್ಕೆ ಎರಡು ಪರದೆಗೆ ಚಿತ್ರ ಕೊಡುವ ಎಚ್‌ಡಿಎಂಐ ಸ್ಪ್ಲಿಟರ್" ಎಂದು ಬರೆಸಿಕೊಳ್ಳಿ. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.