ಆರೈಕೆ ನಿವಾಸದಲ್ಲಿ ಹೊಸ ನರ್ಸ್‌ಗಳ ತರಬೇತಿ: ಹಗಲಿಗೆ ಸಾಕು, ರಾತ್ರಿಗೆ ಸಾಲದು

ಹಿರಿಯರನ್ನು ವರ್ಷಗಟ್ಟಲೆ ಇರಿಸಿಕೊಂಡು ನೋಡಿಕೊಳ್ಳುವ ಬೆಂಗಳೂರಿನ ಒಂದು ಖಾಸಗಿ ಆರೈಕೆ ನಿವಾಸಕ್ಕೆ ಸ್ಟಾಫ್ ನರ್ಸ್ ಆಗಿ ಸೇರಿದಾಗ ನನಗೆ ದೊರೆತ ಆರಂಭಿಕ ತರಬೇತಿಯನ್ನು ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಆದರೆ ಆಸ್ಪತ್ರೆಯ ವಾರ್ಡ್ ಬಿಟ್ಟು ಇಂತಹ ಕೆಲಸಕ್ಕೆ ಬರಲು ಯೋಚಿಸುತ್ತಿರುವ ನರ್ಸ್‌ಗಳಿಗೂ, ತಂದೆತಾಯಿಯನ್ನು ಇಂತಹ ಕಡೆ ಸೇರಿಸುವ ಮುನ್ನ ನಾಲ್ಕು ಕಡೆ ವಿಚಾರಿಸುವ ಮಕ್ಕಳಿಗೂ ಈ ಬರಹ ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ. ಅಭಿಪ್ರಾಯವನ್ನು ಮೊದಲೇ ತಿಳಿಸಿಬಿಡುತ್ತೇನೆ: ಈ ತರಬೇತಿ ಹಗಲಿನ ಕೆಲಸವನ್ನು ಬಹಳ ಚೆನ್ನಾಗಿ ಕಲಿಸುತ್ತದೆ, ರಾತ್ರಿ ಪಾಳಿಗೆ ಮಾತ್ರ ನಮ್ಮನ್ನು ಸಿದ್ಧಗೊಳಿಸುವುದಿಲ್ಲ.

ಇಂತಹ ತರಬೇತಿ ಅನಿವಾರ್ಯ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಬಿ.ಎಸ್ಸಿ. ನರ್ಸಿಂಗ್‌ನ ಪರಿಷ್ಕೃತ ಪಠ್ಯಕ್ರಮದಲ್ಲಿಯೂ ವೃದ್ಧರ ಶುಶ್ರೂಷೆಯು ವಯಸ್ಕರ ಶುಶ್ರೂಷೆಯ ವಿಷಯದೊಳಗಿನ ಒಂದು ಭಾಗ ಮಾತ್ರ. ನಾವು ಕೈ ಪಳಗಿಸಿಕೊಳ್ಳುವುದು ಬಹುಮಟ್ಟಿಗೆ ಆಸ್ಪತ್ರೆಯ ವಾರ್ಡುಗಳಲ್ಲಿ. ಅಲ್ಲಿ ರೋಗಿ ಬರುತ್ತಾನೆ, ಗುಣವಾಗಿ ಮನೆಗೆ ಹೋಗುತ್ತಾನೆ. ಆರೈಕೆ ನಿವಾಸದಲ್ಲಿ ಮನೆಗೆ ಹೋಗುವ ಮಾತೇ ಇಲ್ಲ, ಅದೇ ಅವರ ಮನೆ. ಪ್ರತಿಯೊಬ್ಬರಿಗೂ ನಾಲ್ಕೈದು ಕಾಯಿಲೆಗಳು, ಹತ್ತಾರು ಮಾತ್ರೆಗಳು ಇರುತ್ತವೆ. ವೈದ್ಯರು ಮಾತ್ರ ದಿನದ ಕೆಲವು ಗಂಟೆಗಳಷ್ಟೇ ಇರುತ್ತಾರೆ. ಏನೋ ಸರಿಯಿಲ್ಲ ಎಂಬುದನ್ನು ಮೊದಲು ಗುರುತಿಸುವ ಹೊಣೆ ನರ್ಸ್‌ನ ಮೇಲೇ ಬೀಳುತ್ತದೆ.

ಮೊದಲ ದಿನಗಳ ತರಗತಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೈ ತೊಳೆಯಬೇಕಾದ ಐದು ಸಂದರ್ಭಗಳು, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳ ವಿಂಗಡಣೆ, ಬೆಂಕಿ ಬಿದ್ದರೆ ಹೊರಹೋಗುವ ದಾರಿ, ರಿಜಿಸ್ಟರ್‌ಗಳು: ಇವೆಲ್ಲ ಎಲ್ಲ ಕಡೆಯಂತೆಯೇ ಇದ್ದವು. ತರಬೇತಿಯ ಅವಧಿಗೂ ಪೂರ್ಣ ಸಂಬಳ ಕೊಟ್ಟರು, ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಅಂದೇ ಮರಳಿಸಿದರು. ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಂಡಂತೆ ಇಟ್ಟುಕೊಳ್ಳುವ ಕಡೆ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು.

ತರಬೇತಿಯ ನಿಜವಾದ ಸತ್ವವಿರುವುದು ಆಮೇಲಿನ ಜೋಡಿ ಪಾಳಿಗಳಲ್ಲಿ. ಹೊಸಬರನ್ನು ಒಬ್ಬ ಹಿರಿಯ ಸಿಸ್ಟರ್ ಮತ್ತು ಬಹುಕಾಲದಿಂದ ಅಲ್ಲಿಯೇ ಇರುವ ಒಬ್ಬ ಆಯಾ, ಈ ಇಬ್ಬರ ಜೊತೆಗೆ ಹಾಕುತ್ತಾರೆ. ಆಯಾಳನ್ನೂ ಕಲಿಸುವವರ ಸಾಲಿನಲ್ಲಿ ನಿಲ್ಲಿಸಿದ್ದು ಈ ಸಂಸ್ಥೆ ಮಾಡಿರುವ ಅತ್ಯಂತ ಒಳ್ಳೆಯ ಕೆಲಸವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಸ್ನಾನ ಮಾಡಿಸುವಾಗ ಇಡೀ ಮೈಯನ್ನು ನೋಡುವವಳು ಅವಳು, ಯಾರು ಎಷ್ಟು ತುತ್ತು ಉಂಡರು ಎಂದು ಬಲ್ಲವಳೂ ಅವಳೇ. ನಮ್ಮ ಹಿರಿಯ ಸಿಸ್ಟರ್ ಕೇಸ್ ಶೀಟ್ ತೆರೆಯಲು ಬಿಡುವ ಮೊದಲು, ಅಜ್ಜಿ ನಿನ್ನೆ ತಿಂಡಿ ಎಷ್ಟು ತಿಂದರು, ಎಷ್ಟು ಹೊತ್ತು ಎದ್ದು ಕುಳಿತಿದ್ದರು, ಯಾರನ್ನು ಗುರುತಿಸಿದರು ಎಂದು ಆಯಾಳನ್ನು ಕೇಳಿ ಬರುವಂತೆ ಹೇಳುತ್ತಿದ್ದರು. ಇದರ ಹಿಂದೆ ಗಟ್ಟಿಯಾದ ಕಾರಣವಿದೆ. ಇಳಿವಯಸ್ಸಿನಲ್ಲಿ ಮೂತ್ರದ ಸೋಂಕಾಗಲಿ ನ್ಯುಮೋನಿಯಾ ಆಗಲಿ ಜ್ವರವಿಲ್ಲದೆಯೇ ಬರಬಹುದು. ಇದ್ದಕ್ಕಿದ್ದಂತೆ ಗೊಂದಲಗೊಳ್ಳುವುದು, ಊಟ ಬಿಡುವುದು, ಎರಡು ಹೆಜ್ಜೆ ನಡೆಯುತ್ತಿದ್ದವರು ಏಳದಿರುವುದು, ಇಷ್ಟೇ ಅದರ ಲಕ್ಷಣವಾಗಿರಬಹುದು. ಆ ವ್ಯಕ್ತಿಯ ಎಂದಿನ ಸ್ಥಿತಿ ಗೊತ್ತಿಲ್ಲದ ನರ್ಸ್‌ಗೆ ಥರ್ಮಾಮೀಟರಿನ ಅಂಕಿ ಮಾತ್ರ ಕಾಣುತ್ತದೆ, ಆ ಅಂಕಿ ಸರಿಯಾಗಿಯೇ ಇರುತ್ತದೆ.

ಹಾಸಿಗೆ ಹುಣ್ಣಿನ ಪಾಠವೂ ಅಷ್ಟೇ ಉತ್ತಮವಾಗಿತ್ತು. ಹುಣ್ಣಾಗುವ ಅಪಾಯ ಎಷ್ಟಿದೆಯೆಂದು ಅಳೆಯುವ ಬ್ರೇಡನ್ ಮಾಪಕದಲ್ಲಿ ಸ್ಪರ್ಶಜ್ಞಾನ, ಚರ್ಮದ ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ಚರ್ಮದ ಉಜ್ಜಾಟ ಎಂಬ ಆರು ಅಂಶಗಳಿಗೆ ಅಂಕ ಕೊಡುತ್ತೇವೆ. ಒಟ್ಟು ಅಂಕ 6ರಿಂದ 23ರವರೆಗೆ ಬರುತ್ತದೆ. ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಪಾಯವಿದೆಯೆಂದು ಅರ್ಥ. ಒಬ್ಬರೇ ನಿವಾಸಿಗೆ ನಾವೆಲ್ಲ ಪ್ರತ್ಯೇಕವಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ, ವ್ಯತ್ಯಾಸ ಏಕೆ ಬಂತೆಂದು ಚರ್ಚಿಸಬೇಕಾಗಿತ್ತು. ಪಠ್ಯಪುಸ್ತಕದ ಚಿತ್ರಗಳಲ್ಲಿ ಹುಣ್ಣಿನ ಮೊದಲ ಹಂತವು ಬಿಳಿಯ ಚರ್ಮದ ಮೇಲೆ ಕೆಂಪಾಗಿ ಕಾಣುತ್ತದೆ. ನಮ್ಮವರ ಕಪ್ಪು, ಎಣ್ಣೆಗೆಂಪು ಮೈಬಣ್ಣದಲ್ಲಿ ಆ ಕೆಂಪು ಕಾಣಿಸದೇ ಹೋಗಬಹುದು. ಆದ್ದರಿಂದ ಬೆರಳಿನಿಂದ ಮುಟ್ಟಿ, ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಅಥವಾ ಮೆತ್ತಗಾಗಿದೆಯೇ, ಮುಟ್ಟಿದರೆ ನೋಯುತ್ತದೆಯೇ ಎಂದು ನೋಡುವುದನ್ನು ಕೈ ಹಿಡಿದು ಕಲಿಸಿದರು. ಹಿಮ್ಮಡಿಯನ್ನು ಹಾಸಿಗೆಗೆ ತಾಗದಂತೆ ದಿಂಬಿನ ಮೇಲೆ ಎತ್ತಿ ಇಡುವುದು, ಮಗ್ಗುಲು ಮಲಗಿಸುವಾಗ ಪೂರ್ತಿ ಹೊರಳಿಸದೆ ಸುಮಾರು 30 ಡಿಗ್ರಿಯಷ್ಟು ಮಾತ್ರ ವಾಲಿಸುವುದು, ಇವೆಲ್ಲವನ್ನೂ ನಾವೇ ಮಾಡಿ ತೋರಿಸಬೇಕಿತ್ತು.

ಔಷಧದ ಪಾಠದಲ್ಲಿ ಮಾತ್ರೆ ಪುಡಿ ಮಾಡುವ ವಿಷಯಕ್ಕೆ ಹೆಚ್ಚು ಸಮಯ ಕೊಟ್ಟದ್ದು ಸರಿಯಾಗಿತ್ತು. ನುಂಗಲಾರದವರಿಗೆ ಎಲ್ಲವನ್ನೂ ಅರೆದು ಗಂಜಿಯಲ್ಲಿ ಕಲಸುವ ಅಭ್ಯಾಸ ಬಹಳ ಕಡೆ ಇದೆ. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆಯನ್ನು ಅರೆದರೆ ಇಡೀ ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ಸೇರಬಹುದು. ಹೊಟ್ಟೆಯ ಆಮ್ಲದಿಂದ ರಕ್ಷಿಸುವ ಲೇಪನವಿರುವ ಮಾತ್ರೆಯನ್ನು ಅರೆದರೆ ಆ ಲೇಪನವೇ ವ್ಯರ್ಥವಾಗುತ್ತದೆ. ಅರೆಯಬಾರದ ಮಾತ್ರೆಗಳ ಪಟ್ಟಿಯನ್ನು ಔಷಧದ ಟ್ರಾಲಿಗೇ ಅಂಟಿಸಿದ್ದರು. ಇನ್ಸುಲಿನ್ ಕೊಟ್ಟ ಮೇಲೆ ಅಜ್ಜ ಊಟ ಬೇಡವೆಂದರೆ ಏನು ಮಾಡಬೇಕು, ಪಾರ್ಕಿನ್‌ಸನ್ ಇರುವವರ ಮಾತ್ರೆಯ ಸಮಯ ಅರ್ಧ ಗಂಟೆ ತಪ್ಪಿದರೂ ಮೈ ಹೇಗೆ ಮರಗಟ್ಟುತ್ತದೆ, ತಿಳಿಸಾರಿಗಿಂತ ಗಟ್ಟಿ ಗಂಜಿ ಗಂಟಲಿಗೆ ಏಕೆ ಸುರಕ್ಷಿತವಾಗಿರಬಹುದು, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಡುವಾಗ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಏರಿಸಿ ಆಮೇಲೂ ಸ್ವಲ್ಪ ಹೊತ್ತು ಹಾಗೆಯೇ ಏಕೆ ಇರಿಸಬೇಕು ಎಂಬುದನ್ನೆಲ್ಲ ಸಂಬಂಧಪಟ್ಟ ನಿವಾಸಿಯ ಹಾಸಿಗೆಯ ಪಕ್ಕದಲ್ಲಿಯೇ ವಿವರಿಸಿದರು.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರ ನೋವನ್ನು ಅಳೆಯುವ ವಿಧಾನ ನನಗೆ ಹೊಸದಾಗಿತ್ತು. ಉಸಿರಾಟ, ಗೊಣಗಾಟ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ಶಾಂತರಾಗುತ್ತಾರೆಯೇ ಎಂಬ ಐದು ಸಂಗತಿಗಳನ್ನು ನೋಡಿ 10ರೊಳಗೆ ಅಂಕ ಕೊಡಬೇಕು. ಸಿಟ್ಟಿನ ಸ್ವಭಾವ ಎಂದು ಎಲ್ಲರೂ ತಳ್ಳಿಹಾಕಿದ್ದ ಒಬ್ಬ ಅಜ್ಜನಿಗೆ ನಿಜವಾಗಿ ಇದ್ದದ್ದು ಮಂಡಿನೋವು ಎಂಬುದು ಈ ಅಭ್ಯಾಸದಲ್ಲಿಯೇ ಗೊತ್ತಾಯಿತು. ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದ ಸಹೋದ್ಯೋಗಿಗಳಿಗೆ ಆಡುಕನ್ನಡವನ್ನು ಕಲಿಸುವ ಏರ್ಪಾಡೂ ಇತ್ತು. ಮರೆವು ಹೆಚ್ಚಾದಂತೆ ಆಮೇಲೆ ಕಲಿತ ಭಾಷೆಗಳು ಜಾರಿ ತಾಯ್ನುಡಿಯೊಂದೇ ಉಳಿಯುವುದುಂಟಾದ್ದರಿಂದ ಇದನ್ನು ಇನ್ನಷ್ಟು ವಿಸ್ತರಿಸಬೇಕು.

ಇಷ್ಟು ಕಾಳಜಿಯಿಂದ ರೂಪಿಸಿದ ತರಬೇತಿಯು ರಾತ್ರಿಯನ್ನು ಹೇಗೆ ಮರೆಯಿತೆಂಬುದು ನನಗೆ ಅರ್ಥವಾಗುವುದಿಲ್ಲ. ಜೋಡಿ ಪಾಳಿಗಳೆಲ್ಲ ಹಗಲಿನಲ್ಲಿಯೇ ಮುಗಿದವು. ನೈಟ್ ಡ್ಯೂಟಿಗೆ ಹಾಕಿದಾಗ ಒಂದು ಮಹಡಿಗೆ ಒಬ್ಬಳೇ ನರ್ಸ್, ಜೊತೆಗೆ ಆಯಾಗಳು. ಶೌಚಾಲಯಕ್ಕೆಂದು ಕತ್ತಲಲ್ಲಿ ಎದ್ದು ಬೀಳುವ ಅಪಾಯ ಇರುವುದು ರಾತ್ರಿಯಲ್ಲಿಯೇ. ಬಿದ್ದವರನ್ನು ಕೂಡಲೇ ಎತ್ತಬಾರದು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದರೆ ಮೇಲೆ ಗಾಯವಿಲ್ಲದಿದ್ದರೂ ವೈದ್ಯರಿಗೆ ತಕ್ಷಣ ತಿಳಿಸಲೇಬೇಕು. ಇವು ಗೋಡೆಗೆ ಅಂಟಿಸಿದ ಹಾಳೆಯಲ್ಲಿದ್ದವು. ಅಭ್ಯಾಸ ಮಾಡಿಸಿದ್ದು ಒಮ್ಮೆಯೂ ಇಲ್ಲ. ಯಾರಿಗೆ ಮೊದಲು ಫೋನ್ ಮಾಡಬೇಕು, 108ಕ್ಕೆ ಕರೆ ಮಾಡುವ ನಿರ್ಧಾರವನ್ನು ನರ್ಸ್ ತಾನೇ ತೆಗೆದುಕೊಳ್ಳಬಹುದೇ ಎಂಬುದನ್ನೂ ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ.

ಇನ್ನೊಂದು ಕೊರತೆಯೂ ರಾತ್ರಿಗೇ ಸೇರಿದ್ದು. ಇಲ್ಲಿನ ಅನೇಕ ಹಿರಿಯರ ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರಿಗೆ ಹಗಲಾದಾಗ ನಮಗೆ ರಾತ್ರಿ. ಹೀಗಾಗಿ ಅಮ್ಮ ಹೇಗಿದ್ದಾರೆ, ಏಕೆ ಸೊರಗಿದ್ದಾರೆ, ಆಸ್ಪತ್ರೆಗೆ ಸೇರಿಸಬೇಕೇ ಎಂಬ ಕಠಿಣ ಪ್ರಶ್ನೆಗಳಿಗೆ ಉತ್ತರಿಸಬೇಕಾದವಳು ಇನ್‌ಚಾರ್ಜ್ ಸಿಸ್ಟರ್ ಅಲ್ಲ, ಹೊಸದಾಗಿ ಬಂದ ರಾತ್ರಿ ಪಾಳಿಯ ನರ್ಸ್. ಜೀವನದ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ನೀಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿದೆ. ಯಾವ ನಿವಾಸಿ ಅಂತಹ ಪತ್ರ ಬರೆದಿಟ್ಟಿದ್ದಾರೆ, ಅದು ಯಾವ ಕಡತದಲ್ಲಿದೆ ಎಂಬಷ್ಟನ್ನಾದರೂ ಹೊಸ ನರ್ಸ್‌ಗೆ ಮೊದಲ ವಾರದಲ್ಲಿಯೇ ತೋರಿಸಬೇಕು. ಸಾವು ಸಂಭವಿಸಿದಾಗ ಏನು ಮಾಡಬೇಕೆಂಬ ಪಾಠವಂತೂ ಇರಲೇ ಇಲ್ಲ. ವರ್ಷಗಟ್ಟಲೆ ಒಬ್ಬರ ತಲೆ ಬಾಚಿ, ಊಟ ಮಾಡಿಸಿದ ಆಯಾಗೂ ಅಂತಹ ರಾತ್ರಿಯಲ್ಲಿ ಧೈರ್ಯ ಹೇಳುವವರು ಬೇಕು.

ಇದನ್ನೆಲ್ಲ ತರಬೇತಿಯ ಕೊನೆಯ ಅಭಿಪ್ರಾಯ ಪತ್ರದಲ್ಲಿ ಬರೆದುಕೊಟ್ಟಿದ್ದೇನೆ. ಮುಂದಿನ ತಂಡಕ್ಕೆ ಜೋಡಿ ರಾತ್ರಿ ಪಾಳಿಗಳನ್ನು ಇಡುವುದಾಗಿ ಇನ್‌ಚಾರ್ಜ್ ಹೇಳಿದ್ದಾರೆ. ಇನ್ನೂ ಜಾರಿಗೆ ಬಂದಿಲ್ಲ. ಕೊರತೆಗಳಿದ್ದರೂ ಮುಪ್ಪಿನವರ ಶುಶ್ರೂಷೆಯನ್ನು ನಿಜವಾಗಿ ಕಲಿಯಬಯಸುವವರಿಗೆ ಇಂತಹ ಕಡೆ ಸೇರಿರೆಂದೇ ನಾನು ಹೇಳುತ್ತೇನೆ. ಆದರೆ ಸಂದರ್ಶನದಲ್ಲಿ ಸಂಬಳದ ಮಾತು ಮುಗಿದ ಮೇಲೆ ಎದ್ದು ಬರಬೇಡಿ. ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ನಿವಾಸಿಗಳು, ಒಂಟಿಯಾಗಿ ಬಿಡುವ ಮೊದಲು ಹಿರಿಯರ ಜೊತೆ ಎಷ್ಟು ರಾತ್ರಿ ಪಾಳಿಗಳು, ನಡುರಾತ್ರಿ ಫೋನ್ ಎತ್ತುವ ವೈದ್ಯರು ಯಾರು ಎಂಬ ಮೂರನ್ನು ಕೇಳಿ, ಉತ್ತರಗಳನ್ನು ನೇಮಕಾತಿ ಪತ್ರದಲ್ಲಿಯೇ ಬರೆಸಿಕೊಳ್ಳಿ.