ಆರು ವರ್ಷ ನೋಡಿದ ಮೇಲೆ: ಚಿತ್ರಕ್ಕೆ ತಕರಾರಿಲ್ಲ, ಸಂಗೀತಕ್ಕಿದೆ

ಅಮೆರಿಕದ ಹಳೆಯ ಪ್ರಯೋಗಾತ್ಮಕ ಚಿತ್ರಗಳ ಮೂರು ಡಿವಿಡಿ ಸೆಟ್ ತರಿಸಿ ಆರು ವರ್ಷವಾಯಿತು. ಕನಸು, ಭ್ರಮೆ, ಅತಿವಾಸ್ತವದ ಚಿತ್ರಗಳು ಬೇಕೆಂದು ಹುಡುಕಿ ಕೊಂಡದ್ದು. ಅಂಚೆ, ಸುಂಕ ಸೇರಿ ಅರ್ಧ ತಿಂಗಳ ಸಂಬಳ ಹೋಯಿತು. ಡಿವಿಡಿಗಳಿಗೆ ದೇಶಕ್ಕೆ ತಕ್ಕ ರೀಜನ್ ಎಂಬ ಬೀಗವಿರುತ್ತದೆ: ಅಲ್ಲಿಯ ಡಿಸ್ಕ್ ರೀಜನ್ 1, ನಮ್ಮದು ರೀಜನ್ 5. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಇದ್ದರೆ ಮಾತ್ರ ಕೊಳ್ಳಿ.

ಶನಿವಾರ ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಬೀದಿದೀಪದ ಕಡೆಯ ಕಿಟಕಿಗೆ ದಪ್ಪ ಜಮಖಾನ ಕಟ್ಟುತ್ತೇನೆ. ಹಳೆಯ ಪಂಚೆಯ ಮೆತ್ತನೆ ತುಂಡಿನಿಂದ ಡಿಸ್ಕನ್ನು ನಡುವಿನಿಂದ ಅಂಚಿಗೆ ನೇರವಾಗಿ ಒರೆಸುತ್ತೇನೆ. ಮೊದಲು ಯಾವಾಗಲೂ ಎಡ್ವಿನ್ ಪೋರ್ಟರ್ 1906ರಲ್ಲಿ ಎಡಿಸನ್ ಕಂಪನಿಗೆ ಮಾಡಿದ ಚಿತ್ರ. ಬ್ರೆಡ್ಡಿನ ಮೇಲೆ ಕರಗಿಸಿದ ಚೀಸ್ ತಿಂದು, ಕಂಠಪೂರ್ತಿ ಕುಡಿದು ಮಲಗಿದವನ ಮಂಚ ಊರಿನ ಮೇಲೆ ಹಾರುತ್ತದೆ. ಮಗಳು ಇದೊಂದನ್ನು ನೋಡಿಯೇ ಮಲಗುವುದು.

ಆಮೇಲೆ ನನ್ನ ಸಿಟ್ಟು ಶುರು. ಮೂಕಿ ಚಿತ್ರಗಳ ಮೇಲೆಲ್ಲ ಈಗಿನವರು ಹೊಸ ಸಂಗೀತ ಸುರಿದಿದ್ದಾರೆ. ವಾಟ್ಸನ್ ಮತ್ತು ವೆಬರ್ 1928ರಲ್ಲಿ ರಾಚೆಸ್ಟರ್‌ನಲ್ಲಿ ಮಾಡಿದ 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್' ನೋಡಿ. ಪ್ರಿಸಮ್ ಹಿಡಿದು ಗೋಡೆ, ಮೆಟ್ಟಿಲು, ಮುಖಗಳನ್ನೆಲ್ಲ ಒಡೆದಿದ್ದಾರೆ. ಚೀರಾಟ ಕೇಳಿಸಬೇಕಾದ ಕಡೆ ಅಕ್ಷರಗಳೇ ಬಿಡಿಬಿಡಿಯಾಗಿ ತೇಲಿಬರುತ್ತವೆ. ಸದ್ದನ್ನು ಕಣ್ಣಿಗೆ ಕಾಣಿಸಿದ ಜಾಗ ಅದು. ಅಲ್ಲಿಗೇ ಪಿಟೀಲು ಕುಯ್ದರೆ ಆ ಅಕ್ಷರಗಳಿಗೆ ಏನು ಕೆಲಸ ಉಳಿಯಿತು?

ಮೂರನೇ ವಾರಕ್ಕೆ ಮ್ಯೂಟ್ ಒತ್ತಿದೆ. ಫ್ಯಾನಿನ ಸದ್ದೊಂದೇ. ಚಿತ್ರದ ಕೊನೆಗೆ ಅಷರ್ ಮನೆ ಕುಸಿಯುವಾಗ ಮೈ ಜುಮ್ಮೆಂದಿತು. ಅಲ್ಲಿಂದ ಎರಡು ವರ್ಷ ಎಲ್ಲವನ್ನೂ ಮ್ಯೂಟ್‌ನಲ್ಲೇ ನೋಡಿದೆ. ಮಾಯಾ ಡೆರೆನ್, ಗಂಡ ಹ್ಯಾಮಿಡ್ ಜೊತೆ 1943ರಲ್ಲಿ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲೇ ತೆಗೆದ ಚಿತ್ರವನ್ನೂ ಹಾಗೆಯೇ. ಕನ್ನಡಿ ಮುಖದ ಆಕೃತಿ, ಬಾಯಿಂದ ಹೊರಬರುವ ಬೀಗದ ಕೈ, ಸಮುದ್ರತೀರದಿಂದ ಕೋಣೆಯ ಜಮಖಾನದವರೆಗೆ ಕೆಲವೇ ಹೆಜ್ಜೆ. ಅದಕ್ಕೆ ತೈಜಿ ಇಟೊ ಸಂಗೀತ ಸೇರಿದ್ದು 1959ರಲ್ಲಿ. ಡೆರೆನ್ ಇದ್ದಾಗಲೇ ಸೇರಿದ್ದು, ಆದರೂ ನನಗೆ ಮೌನವೇ ಹೆಚ್ಚು.

ಜೋಸೆಫ್ ಕಾರ್ನೆಲ್ ಚಿತ್ರ ನನ್ನ ಹಟ ಮುರಿಯಿತು. 1931ರ ಒಂದು ಹಾಲಿವುಡ್ ಕಾಡಿನ ಕಥೆಯನ್ನು ಕತ್ತರಿಸಿ, ನಾಯಕಿ ರೋಸ್ ಹೊಬಾರ್ಟ್ ಇರುವ ತುಣುಕುಗಳನ್ನೇ ಹೆಚ್ಚಾಗಿ ಜೋಡಿಸಿ, ನೀಲಿ ಗಾಜಿನ ಮೂಲಕ 1936ರಲ್ಲಿ ನ್ಯೂಯಾರ್ಕಿನಲ್ಲಿ ತೋರಿಸಿದರು. ತನ್ನ ಮನಸ್ಸಿನ ಕಲ್ಪನೆ ಕದ್ದನೆಂದು ಅತಿವಾಸ್ತವ ಚಿತ್ರಕಾರ ಸಾಲ್ವಡಾರ್ ಡಾಲಿ ಪ್ರೊಜೆಕ್ಟರ್ ಉರುಳಿಸಿದ್ದು ಅಂದೇ. ಮ್ಯೂಟ್‌ನಲ್ಲಿ ಎರಡು ಸಲ ನೋಡಿದೆ, ಹೆಂಗಸೊಬ್ಬಳು ಸುಮ್ಮನೆ ತಿರುಗಿ ತಿರುಗಿ ನೋಡುತ್ತಿದ್ದಳು, ಅಷ್ಟೇ. ಮೂರನೇ ಸಲ ಸದ್ದು ಬಿಟ್ಟೆ. ಬ್ರೆಜಿಲ್ ಕುಣಿತದ ರೆಕಾರ್ಡು, ಕಾರ್ನೆಲ್ ತಾವೇ ಆರಿಸಿದ್ದು. ಕುಣಿತಕ್ಕೂ ಅವಳ ನಿಧಾನಕ್ಕೂ ಸಂಬಂಧವೇ ಇಲ್ಲ, ಅದಕ್ಕೇ ಅವಳು ಕನಸಿನಲ್ಲಿ ನಡೆದ ಹಾಗೆ ಕಾಣುತ್ತಾಳೆ. ಆ ರಾತ್ರಿ ಮತ್ತೊಮ್ಮೆ ಹಾಕಿದೆ.

97 ಡಾಲರಿನಲ್ಲಿ, ಸಿಗಾರ್ ಡಬ್ಬ, ರಟ್ಟುಗಳಿಂದ ಊರು ಕಟ್ಟಿದ ಫ್ಲೋರಿ, ವೋರ್ಕಾಪಿಚ್ ಅವರ 1928ರ ಚಿತ್ರಕ್ಕೂ ಹೀಗೇ. ಅದು ಅಮೆರಿಕದ ಸಂಗೀತಗಾರ ಗರ್ಶ್ವಿನ್ ಸಂಗೀತದ ಪ್ರೇರಣೆಯಿಂದ ಹುಟ್ಟಿದ್ದು, ಮ್ಯೂಟ್ ಒಗ್ಗುವುದಿಲ್ಲ.

ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎರವಲು ಒಯ್ಯುವ ಗೆಳೆಯರಿಗಾಗಿ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೇನೆ: ಪೋರ್ಟರ್, ವಾಟ್ಸನ್, ಡೆರೆನ್ ಮ್ಯೂಟ್, ಫ್ಲೋರಿ, ಕಾರ್ನೆಲ್ ಸದ್ದು.